ವೈಂಡಿಂಗ್ ಅಂಗಡಿಯವನು ಮೆಚ್ಚಿದ ಹಾಲಿವುಡ್

ಜುರಾಸಿಕ್ ಪಾರ್ಕ್ ಸಿನಿಮಾದಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಬ್ರೇಕರ್ ಪ್ಯಾನಲ್, ಅಂದರೆ ಕರೆಂಟ್ ಕೊಡುವ, ಕಡಿಯುವ ದೊಡ್ಡ ಸ್ವಿಚ್ಚುಗಳ ಹಲಗೆ. ಮಗಳು ಇದನ್ನು ಒಪ್ಪೋದಿಲ್ಲ. ಅವಳಿಗೆ ಆ ಸಿನಿಮಾ ಅಂದರೆ ಮಳೆಯಲ್ಲಿ ಬೇಲಿ ಹರಿದುಕೊಂಡು ಬರುವ ಟಿ-ರೆಕ್ಸ್, ಅಡುಗೆಮನೆಯಲ್ಲಿ ಮಕ್ಕಳನ್ನು ಹುಡುಕುವ ಎರಡು ರ‍್ಯಾಪ್ಟರ್. ಅವೂ ಚೆನ್ನಾಗಿವೆ, ಇಲ್ಲ ಅನ್ನಲ್ಲ. ಆದರೆ ಎರಡು ಗಂಟೆಯ ಸಿನಿಮಾದಲ್ಲಿ ಡೈನೋಸಾರ್ ಪರದೆ ಮೇಲೆ ಕಾಣುವುದು ಎಲ್ಲಾ ಸೇರಿ ಸುಮಾರು 15 ನಿಮಿಷ ಅಷ್ಟೇ. ಉಳಿದ ಹೊತ್ತೆಲ್ಲ ನಮ್ಮನ್ನು ಹಿಡಿದು ಕೂರಿಸುವುದು ಏನು? ಕರೆಂಟ್ ಹೋಗಿದೆ, ಅದನ್ನು ವಾಪಸ್ ತರಬೇಕು. ಇಷ್ಟೇ.

ನೆನಪಿದೆ ಅಲ್ವಾ? ಪಾರ್ಕಿನ ಕಂಪ್ಯೂಟರ್ ನೋಡಿಕೊಳ್ಳುವ ನೆಡ್ರಿ ತನ್ನ ಕಳ್ಳತನಕ್ಕೆ ದಾರಿ ಮಾಡಿಕೊಳ್ಳಲು ಬೇಲಿಗಳ ಕರೆಂಟ್ ತೆಗೆಯುತ್ತಾನೆ. ಸಿಸ್ಟಂ ಸರಿಹೋಗಲಿ ಅಂತ ಉಳಿದವರು ಪೂರ್ತಿ ಪವರ್ ಆಫ್ ಮಾಡಿ ಮತ್ತೆ ಆನ್ ಮಾಡುತ್ತಾರೆ. ಆಗ ಶೆಡ್ಡಿನಲ್ಲಿರುವ ಬ್ರೇಕರ್‌ಗಳು ಟ್ರಿಪ್ ಆಗಿ ಕೂರುತ್ತವೆ. ರಿಸೆಟ್ ಮಾಡಲು ಹೋದ ಎಂಜಿನಿಯರ್ ತಿರುಗಿ ಬರುವುದಿಲ್ಲ. ಕೊನೆಗೆ ಗಿಡಮರಗಳ ಬಗ್ಗೆ ಓದಿಕೊಂಡ ಡಾಕ್ಟರ್ ಸ್ಯಾಟ್ಲರ್ ಟಾರ್ಚ್, ವಾಕಿಟಾಕಿ ಹಿಡಿದು ಹೋಗುತ್ತಾಳೆ. ಮೇನ್ ಸ್ವಿಚ್ಚನ್ನು ಹಾಗೇ ಎತ್ತೋಕೆ ಆಗಲ್ಲ, ಮೊದಲು ಹ್ಯಾಂಡಲ್ ಪಂಪ್ ಮಾಡು ಅಂತ ಆ ಕಡೆಯಿಂದ ಹೇಳಿಕೊಡುತ್ತಾರೆ. ಅವಳು ಪಂಪ್ ಮಾಡುತ್ತಾಳೆ. ಹಸಿರು ಬಟನ್ ಒತ್ತುತ್ತಾಳೆ. ಆಮೇಲೆ ಒಂದೊಂದಾಗಿ ಒಂದು ಸಾಲು ಬಟನ್.

ಬರೆದವರು ಇದನ್ನು ಸುಮ್ನೆ ಸೇರಿಸಿಲ್ಲ. ದೊಡ್ಡ ಬ್ರೇಕರ್ ಒಳಗೆ ನಿಜಕ್ಕೂ ಒಂದು ಸ್ಪ್ರಿಂಗ್ ಇರುತ್ತದೆ. ಹ್ಯಾಂಡಲ್ ಪಂಪ್ ಮಾಡಿ ಅದನ್ನು ಚಾರ್ಜ್ ಮಾಡಬೇಕು. ಆಮೇಲೆ ಬಟನ್ ಒತ್ತಿದರೆ ಸ್ಪ್ರಿಂಗ್ ಬಿಚ್ಚಿಕೊಂಡು, ಕರೆಂಟ್ ಕೂಡಿಸುವ ಲೋಹದ ತುದಿಗಳಾದ ಕಾಂಟ್ಯಾಕ್ಟ್‌ಗಳು ಠಪ್ ಅಂತ ಸೇರುತ್ತವೆ. ಕೈಯಿಂದ ನಿಧಾನಕ್ಕೆ ಸೇರಿಸಿದರೆ ನಡುವೆ ಕಿಡಿ ಎದ್ದು ಕಾಂಟ್ಯಾಕ್ಟ್ ಸುಟ್ಟೇ ಹೋಗುತ್ತದೆ. ಸಬ್‌ಸ್ಟೇಷನ್‌ನಲ್ಲಿ ಕೆಲಸ ಮಾಡಿದವರು ಯಾರನ್ನಾದರೂ ಕೇಳಿ ನೋಡಿ. ಸ್ಪೀಲ್‌ಬರ್ಗ್ 1993ರಲ್ಲಿ ಇದನ್ನು ತೆರೆ ಮೇಲೆ ತಂದ, ಅದೂ ಮಕ್ಕಳು ನೋಡುವ ಸಿನಿಮಾದಲ್ಲಿ. ಆ ಸಾಲಿನಲ್ಲಿ ಒಂದು ಬಟನ್ ಬೇಲಿಯದು. ಅದೇ ಹೊತ್ತಿಗೆ ಆ ಬೇಲಿಯ ಮೇಲೆ ಟಿಮ್ ಅನ್ನೋ ಹುಡುಗ ಇಳಿಯಲು ಹೆದರಿ ನಿಂತಿದ್ದಾನೆ. ಬೇಲಿಯಲ್ಲಿ ಹರಿಯೋದು 10,000 ವೋಲ್ಟ್. ಲೈನ್ ಮೇಲೆ ಒಬ್ಬ ಹತ್ತಿದ್ದಾಗ, ಗೊತ್ತಿಲ್ಲದೆ ಇನ್ನೊಬ್ಬರು ಎಲ್ಲೋ ಸ್ವಿಚ್ ಹಾಕುವುದು. ಕರೆಂಟ್ ಕೆಲಸ ಮಾಡುವ ಪ್ರತಿಯೊಬ್ಬನ ಎದೆಯಲ್ಲೂ ಈ ಭಯ ಇರುತ್ತದೆ. ಆ ಜಾಗ ಬಂದಾಗ ಈಗಲೂ ನನ್ನ ಅಂಗೈ ಬೆವರುತ್ತದೆ.

ನಾನು ಕಲಬುರಗಿಯಲ್ಲಿ ಗಂಜ್ ಹತ್ತಿರ ಮೋಟರ್ ವೈಂಡಿಂಗ್ ಅಂಗಡಿ ನಡೆಸುತ್ತೇನೆ. ಸುಟ್ಟ ಮೋಟರ್‌ಗೆ ಹೊಸ ತಾಮ್ರದ ವೈರ್ ಸುತ್ತುವ ಕೆಲಸ. ಆಳಂದ, ಅಫಜಲಪುರ, ಜೇವರ್ಗಿ, ಚಿತ್ತಾಪುರ ಕಡೆಯಿಂದ ಬೋರಿನೊಳಗೆ ಇಳಿಸುವ ಸಬ್‌ಮರ್ಸಿಬಲ್ ಮೋಟರ್‌ಗಳು ಸುಟ್ಟು ಬರುತ್ತವೆ. ಫೆಬ್ರವರಿಯಿಂದ ಜೂನ್ ತನಕ ತಲೆ ಎತ್ತೋಕೆ ಪುರುಸೊತ್ತು ಇರಲ್ಲ. ಮಳೆ ಹಿಡಿದ ಮೇಲೆ ಕೆಲಸ ಕಡಿಮೆ. ಆಗ ಸಿನಿಮಾ. ಮೊದಲೆಲ್ಲ ಓಣಿಯಲ್ಲಿ ವಿಸಿಆರ್ ಬಾಡಿಗೆಗೆ ತಂದು ರಾತ್ರಿಯಿಡೀ ನೋಡುತ್ತಿದ್ದೆವು. ಆಮೇಲೆ ಕೇಬಲ್ ಟಿವಿ, ಥಿಯೇಟರ್, ಈಗ ಮಾಲ್ ಒಳಗಿನ ಮಲ್ಟಿಪ್ಲೆಕ್ಸ್, ಫೋನು. ತಾಮ್ರದ ವೈರ್, ಬುಶ್, ಬೇರಿಂಗ್ ತರೋಕೆ ಸಿಕಂದರಾಬಾದಿನ ರಾಣಿಗಂಜಿಗೆ ಹೋದರೆ ಅಲ್ಲೂ ಒಂದು ಸಿನಿಮಾ ಆಗಲೇಬೇಕು. ಸಾಮಾನು ಕಟ್ಟಿಸಿ ಟ್ರಾನ್ಸ್‌ಪೋರ್ಟ್‌ಗೆ ಹಾಕಿ, ಹುಸೇನ್ ಸಾಗರದ ದಂಡೆಯ ಪ್ರಸಾದ್ಸ್‌ನಲ್ಲಿ ದೊಡ್ಡ ಪರದೆ ಮೇಲೆ ಆಟ ನೋಡಿ, ರಾತ್ರಿ ಟ್ರೇನ್ ಹತ್ತಿದರೆ ತಾಂಡೂರು, ವಾಡಿ ದಾಟಿ ಮನೆ.

ಇಷ್ಟು ವರ್ಷ ನೋಡಿ ನನಗೆ ಒಂದು ಅಳತೆ ಸಿಕ್ಕಿದೆ. ಸಿನಿಮಾದಲ್ಲಿ ಯಾವುದೋ ಒಂದು ವಸ್ತು ಕೆಡಬೇಕು. ಯಾಕೆ ಕೆಟ್ಟಿತು ಅಂತ ನಮಗೆ ತಿಳಿಯಬೇಕು. ಅದನ್ನು ಸರಿ ಮಾಡೋಕೆ ಮನುಷ್ಯರು ಕೈ ಕೊಳೆ ಮಾಡಿಕೊಳ್ಳಬೇಕು. ಇದು ಇದ್ದರೆ ಮಾತು ಅರ್ಧ ಅರ್ಥ ಆಗದಿದ್ದರೂ ನಾನು ಕೊನೆ ತನಕ ಕೂರುತ್ತೇನೆ. ಇಲ್ಲದಿದ್ದರೆ ನಗರಗಳೇ ಉರುಳಿ ಬಿದ್ದರೂ ನನಗೆ ಏನೂ ಅನ್ನಿಸಲ್ಲ.

ಆ ಅಳತೆಗೆ ಪೂರ್ತಿ ನಿಲ್ಲುವ ಸಿನಿಮಾ ಅಪೊಲೋ 13. ರಾನ್ ಹೊವಾರ್ಡ್ 1995ರಲ್ಲಿ ಮಾಡಿದ್ದು. 1970ರ ಏಪ್ರಿಲ್‌ನಲ್ಲಿ ಚಂದ್ರನ ಕಡೆ ಹೊರಟ ಮೂವರ ನಿಜವಾದ ಕಥೆ. ದಾರಿಯಲ್ಲಿ ಆಮ್ಲಜನಕದ ಟ್ಯಾಂಕ್ ಸಿಡಿಯುತ್ತದೆ. ಚಂದ್ರನ ಮಾತು ಅಲ್ಲಿಗೇ ಮುಗಿಯಿತು, ಇನ್ನು ಜೀವ ಉಳಿಸಿಕೊಂಡು ಭೂಮಿಗೆ ಬಂದರೆ ಸಾಕು. ಇದರಲ್ಲಿ ವಿಲನ್ ಇಲ್ಲ, ಹೊಡೆದಾಟ ಇಲ್ಲ. ಮೂವರೂ ಬದುಕಿ ಬರುತ್ತಾರೆ ಅಂತ ಮೊದಲೇ ಗೊತ್ತು. ಆದರೂ ಉಸಿರು ಬಿಗಿ ಹಿಡಿದು ನೋಡುತ್ತೇವೆ.

ಇದರಲ್ಲಿ ಕಥೆ ಓಡುವುದು ಆಂಪಿಯರ್ ಮೇಲೆ, ಅಂದರೆ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವ ಲೆಕ್ಕದ ಮೇಲೆ. ನನ್ನ ಮಟ್ಟಿಗೆ ಇದು ದೊಡ್ಡ ವಿಷಯ. ನೆಲದ ಮೇಲಿರುವ ಒಬ್ಬ ಎಂಜಿನಿಯರ್ ಎದ್ದು ನಿಂತು ಹೇಳುತ್ತಾನೆ: ನೌಕೆ ಈಗ 60 ಆಂಪಿಯರ್ ಎಳೆಯುತ್ತಿದೆ, ಹೀಗೇ ಬಿಟ್ಟರೆ ಬ್ಯಾಟರಿ ಮನೆ ಮುಟ್ಟುವ ತನಕ ಬರಲ್ಲ, 12ಕ್ಕೆ ಇಳಿಸಬೇಕು. ಕೋಣೆಯಲ್ಲಿ ಎಲ್ಲರೂ ಅವನ ಮೇಲೆ ಬೀಳುತ್ತಾರೆ. ಅವನು ತನ್ನ ಲೆಕ್ಕ ಬಿಡುವುದಿಲ್ಲ. ರಾಡಾರ್ ಬೇಡ, ಹೀಟರ್ ಬೇಡ, ಕಂಪ್ಯೂಟರ್ ಬೇಡ, ಎಲ್ಲಾ ಆಫ್. ಒಳಗಿದ್ದವರು ಚಳಿಯಲ್ಲಿ ನಡುಗುತ್ತಾರೆ. ಇನ್ನೊಂದು ಕಡೆ ಕೆನ್ ಮ್ಯಾಟಿಂಗ್ಲಿ. ದಡಾರ ಬರಬಹುದು ಅಂತ ಈತನನ್ನು ಕೊನೇ ಗಳಿಗೆಯಲ್ಲಿ ಪ್ರಯಾಣದಿಂದ ತೆಗೆದಿರುತ್ತಾರೆ. ಆತ ನೆಲದ ಮೇಲೆ ಸಿಮ್ಯುಲೇಟರ್‌ನಲ್ಲಿ ಕೂತು, ಯಾವ ಸ್ವಿಚ್ ಮೊದಲು, ಯಾವುದು ಆಮೇಲೆ ಹಾಕಿದರೆ ಇದ್ದಷ್ಟು ಕರೆಂಟಿನಲ್ಲೇ ನೌಕೆ ಎಚ್ಚರ ಆಗುತ್ತದೆ ಅಂತ ಹುಡುಕುತ್ತಾನೆ. ಪ್ರತೀ ಸಲ ಸ್ವಲ್ಪ ಜಾಸ್ತಿ ಎಳೆದು ಮೀಟರ್ ಮುಳ್ಳು ದಾಟಿಬಿಡುತ್ತದೆ. ಮತ್ತೆ ಮೊದಲಿಂದ. ಮೇಲಿರುವವರ ಹತ್ತಿರ ಇಲ್ಲದ ವಸ್ತು ತನಗೂ ಬೇಡ ಅಂತ ಕೈಯಲ್ಲಿ ಅಂಥದೇ ಟಾರ್ಚ್ ಹಿಡಿದು, ಕತ್ತಲಲ್ಲೇ ಕೆಲಸ ಮಾಡುತ್ತಾನೆ. ಕೆಲಸ ಬಲ್ಲವನು ಹೇಗಿರುತ್ತಾನೆ ಅಂತ ಯಾರಾದರೂ ಕೇಳಿದರೆ ನಾನು ಈ ಒಂದು ಭಾಗ ತೋರಿಸುತ್ತೇನೆ.

ನಮ್ಮ ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗನಿಗೆ ಒಂದು ಮಧ್ಯಾಹ್ನ ಇದನ್ನು ತೋರಿಸಿದೆ. ಅವನಿಗೆ ಇಂಗ್ಲಿಷ್ ಬರಲ್ಲ. ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಕನ್ನಡ. ಆ ಭಾಗ ಮುಗಿದ ಮೇಲೆ ಅಂದ: "ಉಸ್ತಾದ್, ಇವರದೂ ನಮ್ಮದೇ ತ್ರಾಸು ಅದ ನೋಡ್ರಿ. ಲೋಡ್ ಜಾಸ್ತಿ, ಸಪ್ಲೈ ಕಮ್ಮಿ."

ಇನ್ನೊಂದು ವಿಷಯ ನಾನು ಆಮೇಲೆ ಓದಿ ತಿಳಿದುಕೊಂಡದ್ದು. ಆ ಟ್ಯಾಂಕ್ ಯಾಕೆ ಸಿಡಿಯಿತು? ಟ್ಯಾಂಕಿನೊಳಗೆ ಹೀಟರ್ ಇತ್ತು, ಬಿಸಿ ಜಾಸ್ತಿಯಾದರೆ ಅದನ್ನು ಆಫ್ ಮಾಡುವ ಥರ್ಮೋಸ್ಟ್ಯಾಟ್ ಸ್ವಿಚ್ ಇತ್ತು. ಆ ಸ್ವಿಚ್ 28 ವೋಲ್ಟಿಗೆ ಮಾಡಿದ್ದು. ಉಡಾವಣೆಗೆ ಮುಂಚೆ ನೆಲದ ಮೇಲೆ ಟ್ಯಾಂಕ್ ಖಾಲಿ ಮಾಡುವಾಗ 65 ವೋಲ್ಟ್ ಕೊಟ್ಟರು. ಸ್ವಿಚ್ಚಿನ ಕಾಂಟ್ಯಾಕ್ಟ್‌ಗಳು ಬೆಸೆದುಕೊಂಡವು, ಹೀಟರ್ ಆಫ್ ಆಗಲೇ ಇಲ್ಲ, ಒಳಗಿನ ವೈರಿನ ಮೇಲಿದ್ದ ಟೆಫ್ಲಾನ್ ಸುಟ್ಟುಹೋಯಿತು. ಅದು ಯಾರಿಗೂ ಕಾಣಲಿಲ್ಲ. ದಿನಗಳಾದ ಮೇಲೆ ಬಾಹ್ಯಾಕಾಶದಲ್ಲಿ ಟ್ಯಾಂಕಿನೊಳಗಿನ ಫ್ಯಾನ್ ಹಾಕಿದಾಗ ಹೊದಿಕೆ ಹೋದ ವೈರ್ ಶಾರ್ಟ್ ಆಯಿತು.

ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ದಿನಾ ನಮ್ಮ ಮುಂದೆ ಬರುವ ಕೇಸು ಇದೇ ಅಲ್ವಾ? ಮೋಟರ್ ಬಿಚ್ಚಿದರೆ ಸ್ಟೇಟರ್, ಅಂದರೆ ಕಾಯಿಲ್ ಸುತ್ತಿದ ಭಾಗ, ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ವೈರಿನ ಹೊದಿಕೆ ಗಟ್ಟಿ ಇದೆಯೇ ಅಂತ ಅಳೆಯುವ ಮೆಗ್ಗರ್ ಹಚ್ಚಿದರೆ ಸೊನ್ನೆ. ಆಮೇಲೆ ಒಂದೊಂದೇ ಕಾಯಿಲ್ ಕತ್ತರಿಸಿ ಎಳೆಯುತ್ತಾ ಹೋದರೆ, ಯಾವುದೋ ಒಂದು ಸ್ಲಾಟಿನ ತುದಿಯಲ್ಲಿ, ಉಗುರಿನಷ್ಟು ಜಾಗದಲ್ಲಿ ವೈರಿನ ಹೊದಿಕೆ ಕರಗಿ ತಾಮ್ರ ಕಪ್ಪಾಗಿರುತ್ತದೆ. ರೈತರು ಪಕ್ಕದಲ್ಲೇ ನಿಂತು ನೋಡುತ್ತಿರುತ್ತಾರೆ. "ಇಷ್ಟಕ್ಕೇ ಏನ್ರೀ?" ಅಂತಾರೆ. ಇಷ್ಟಕ್ಕೇ. ಚಂದ್ರನಿಗೆ ಹೋಗುವ ನೌಕೆಯೂ ಇಷ್ಟಕ್ಕೇ ಕೆಟ್ಟಿತು. ಯಾವತ್ತೋ ಒಂದು ದಿನ ವೋಲ್ಟೇಜ್ ಏರಿದ್ದಕ್ಕೆ ಒಳಗೇ ಗಾಯ ಆಗಿರುತ್ತದೆ, ಮೋಟರ್ ಸುಡುವುದು ಎಷ್ಟೋ ದಿನದ ಮೇಲೆ.

ಇಂಗಾಲದ ಡೈಆಕ್ಸೈಡ್ ಹೀರುವ ಡಬ್ಬಿಯ ಕಥೆ ಎಲ್ಲರಿಗೂ ಗೊತ್ತು. ಅವರದು ಎರಡು ನೌಕೆ ಜೋಡಿಸಿದ್ದು. ಮುಖ್ಯ ನೌಕೆಯ ಡಬ್ಬಿ ಚೌಕ, ಚಂದ್ರನ ಮೇಲೆ ಇಳಿಯಲು ತಂದ ನೌಕೆಯದು ದುಂಡಗೆ, ಒಂದು ಇನ್ನೊಂದಕ್ಕೆ ಕೂರಲ್ಲ. ಪ್ಲಾಸ್ಟಿಕ್ ಚೀಲ, ಪೈಪು, ಪುಸ್ತಕದ ರಟ್ಟು, ಟೇಪು ಸೇರಿಸಿ ಹೊಂದಿಸುತ್ತಾರೆ. ನೌಕೆಯಲ್ಲಿ ಏನೇನು ಇದೆಯೋ ಅಷ್ಟನ್ನು ಮಾತ್ರ ಮೇಜಿನ ಮೇಲೆ ಸುರಿದು, ಇಷ್ಟರಲ್ಲೇ ಮಾಡಿ ಅಂತಾರೆ. ಆ ಮೇಜು ನೋಡಿದಾಗ ನನಗೆ ಆಗುವ ಖುಷಿ ಹೇಳೋಕೆ ಬರಲ್ಲ. ತೂಕವಿಲ್ಲದೆ ತೇಲುವ ದೃಶ್ಯಗಳಿಗೆ ನಟರು ನಾಸಾದ ವಿಮಾನ ಹತ್ತಿ, ಅದು ಮೇಲೇರಿ ಕೆಳಗೆ ಜಾರುವಾಗ ಸಿಗುವ ಇಪ್ಪತ್ತು ಚಿಲ್ಲರೆ ಸೆಕೆಂಡಿನಲ್ಲಿ ನಟಿಸಿದರು. ಹೀಗೆ ಆರುನೂರಕ್ಕೂ ಹೆಚ್ಚು ಸಲ. ಟಾಮ್ ಹ್ಯಾಂಕ್ಸ್ ಮಾಡಿದ್ದು ಕಮಾಂಡರ್ ಜಿಮ್ ಲೊವೆಲ್ ಪಾತ್ರ. ಕೊನೆಯಲ್ಲಿ ಹಡಗಿನ ಮೇಲೆ ಅವರ ಕೈ ಕುಲುಕುವ ಕ್ಯಾಪ್ಟನ್ ಇದ್ದಾರಲ್ಲ, ಅವರೇ ನಿಜವಾದ ಲೊವೆಲ್. 2025ರ ಆಗಸ್ಟ್‌ನಲ್ಲಿ ತೀರಿಕೊಂಡರು, 97 ವರ್ಷ ಆಗಿತ್ತು. ಸುದ್ದಿ ಓದಿದ ದಿನ ಸಿನಿಮಾ ಮತ್ತೊಮ್ಮೆ ನೋಡಿದೆ.

ಈಗ ಸೂಪರ್‌ಹೀರೋಗಳ ಮಾತು. ಮಗಳಿಗೆ ಇವರೆಂದರೆ ಪ್ರಾಣ. ನಾನು ಅವಳ ಜೊತೆ ಕೂತು ಬಹಳಷ್ಟು ನೋಡಿದ್ದೇನೆ. ಈ ಸಾಲಿನ ಸಿನಿಮಾಗಳಲ್ಲೆಲ್ಲ ನನಗೆ ಮೊದಲನೇ ಐರನ್ ಮ್ಯಾನ್ ಮುಂದೆ ಯಾವುದೂ ನಿಲ್ಲಲ್ಲ. 2008ರದು. ಅದರ ಮೊದಲ ಅರ್ಧ ನಡೆಯುವುದು ಒಂದು ವರ್ಕ್‌ಶಾಪಿನಲ್ಲೇ ಅನ್ನಬಹುದು. ಟೋನಿ ಸ್ಟಾರ್ಕ್ ಗುಹೆಯಲ್ಲಿ ಸೆರೆಯಾಗಿದ್ದಾನೆ. ಎದೆಯೊಳಗಿನ ಲೋಹದ ಚೂರು ಹೃದಯಕ್ಕೆ ಹೋಗದಂತೆ ಒಂದು ಅಯಸ್ಕಾಂತ ತಡೆದಿದೆ, ಅದು ನಡೆಯುತ್ತಿರೋದು ಕಾರಿನ ಬ್ಯಾಟರಿ ಮೇಲೆ. ಬ್ಯಾಟರಿಯನ್ನು ಕೈಯಲ್ಲೇ ಹಿಡಿದುಕೊಂಡು ಓಡಾಡುತ್ತಾನೆ. ಬ್ಯಾಟರಿ ಬದಲು ಎದೆಯಲ್ಲೇ ಕೂರುವ ಪುಟ್ಟ ರಿಯಾಕ್ಟರ್ ಮಾಡೋಕೆ ಕ್ಷಿಪಣಿ ಬಿಚ್ಚಿ ಅದರೊಳಗಿನ ಪಲ್ಲಾಡಿಯಂ ಅನ್ನೋ ಲೋಹ ತೆಗೆದು ಕರಗಿಸುತ್ತಾರೆ. ಜೊತೆಗಿರುವ ಯಿನ್ಸೆನ್ ಇಕ್ಕಳದಲ್ಲಿ ಮೂಸೆ ಹಿಡಿದು ಅಚ್ಚಿಗೆ ಸುರಿಯುತ್ತಾನೆ. ಇರುವುದು ಅಷ್ಟೇ ಲೋಹ, ಚೆಲ್ಲಿದರೆ ಮುಗಿಯಿತು. ಅವನ ಕೈ ನಡುಗುವುದಿಲ್ಲ. ಆಮೇಲೆ ಸುತ್ತಿಗೆ, ತಗಡು, ವೆಲ್ಡಿಂಗ್. ಆ ಕಬ್ಬಿಣದ ಅಂಗಿ ಒಡ್ಡೊಡ್ಡಾಗಿದೆ, ಹಾರಿ ಸ್ವಲ್ಪ ದೂರಕ್ಕೇ ಮರಳಿನಲ್ಲಿ ಬಿದ್ದು ಚೂರಾಗುತ್ತದೆ. ಮನೆಗೆ ಬಂದ ಮೇಲೂ ಬೂಟಿನ ಟೆಸ್ಟಿನಲ್ಲಿ ಸೀದಾ ಮೇಲಕ್ಕೆ ಹಾರಿ ಚಾವಣಿಗೆ ಬಡಿಯುತ್ತಾನೆ. ಎತ್ತರಕ್ಕೆ ಹೋದರೆ ಮಂಜು ಕಟ್ಟಿ ಎಲ್ಲಾ ಬಂದ್ ಆಗುತ್ತದೆ. ತಿದ್ದುತ್ತಾನೆ, ಮತ್ತೆ ಮಾಡುತ್ತಾನೆ.

ಹತ್ತು ವರ್ಷ ಕಳೆದು 2018ರ ಇನ್ಫಿನಿಟಿ ವಾರ್‌ಗೆ ಬರುವ ಹೊತ್ತಿಗೆ ಏನಾಯಿತು? ಎದೆ ಮೇಲೆ ಎರಡು ಸಲ ತಟ್ಟಿದರೆ ಸಾಕು, ಅಂಗಿ ನೀರಿನಂತೆ ಹರಿದು ಮೈತುಂಬ ಬರುತ್ತದೆ. ಬೋಲ್ಟ್ ಇಲ್ಲ, ಜಾಯಿಂಟ್ ಇಲ್ಲ, ತೂಕ ಇಲ್ಲ. ಏನು ಬೇಕೋ ಅದು ಕೈಯಿಂದ ಬೆಳೆಯುತ್ತದೆ. ಹೀಗಾದ ಮೇಲೆ ಅದು ಕೆಡುತ್ತದೆ ಅನ್ನುವ ಹೆದರಿಕೆ ನನಗೆ ಎಲ್ಲಿಂದ ಬರಬೇಕು? ಮಗಳು ಹೇಳೋದು, "ಅಪ್ಪಾ, ತಂತ್ರಜ್ಞಾನ ಮುಂದೆ ಹೋಗೇ ಹೋಗತದ." ಹೋಗಲಿ. ಆದರೆ ಆ ಹೊಸದನ್ನು ಮಾಡುವಾಗ ಅವನು ಪಟ್ಟ ಕಷ್ಟ ನನಗೆ ತೋರಿಸಲೇ ಇಲ್ಲ.

2019ರ ಎಂಡ್‌ಗೇಮ್ ಮೂರು ಗಂಟೆಯ ಸಿನಿಮಾ. ಕೊನೆಯ ಯುದ್ಧ ನನಗೆ ಉದ್ದವಾಯಿತು. ಆದರೆ ಟೋನಿ ಸತ್ತ ಮೇಲೆ ಕೆರೆಯಲ್ಲಿ ಹೂವಿನ ಮೇಲೆ ತೇಲಿ ಬಿಡುವುದು ಯಾವುದನ್ನು? ಗುಹೆಯಲ್ಲಿ ಕೈಯಿಂದ ಮಾಡಿದ ಆ ಮೊದಲ ರಿಯಾಕ್ಟರ್‌ನ್ನು. ಹೊಳೆಯುವ ಅಂಗಿಗಳಲ್ಲಿ ಒಂದೂ ಅಲ್ಲ. ಸಿನಿಮಾ ಮಾಡಿದವರಿಗೂ ಯಾವುದು ದೊಡ್ಡದು ಅಂತ ಗೊತ್ತಿತ್ತು. ಅಲ್ಲಿ ನನಗೂ ಕಣ್ಣು ತುಂಬಿತು.

ಫಾಸ್ಟ್ ಅಂಡ್ ಫ್ಯೂರಿಯಸ್ ಕೂಡ ಹೀಗೇ ಆಯಿತು. 2001ರ ಮೊದಲನೆಯದರಲ್ಲಿ ಗ್ಯಾರೇಜು ಇತ್ತು. ಗುಜರಿಯಂತಿದ್ದ ಒಂದು ಸುಪ್ರಾ ಕಾರನ್ನು ತಂದು ಎಲ್ಲರೂ ಸೇರಿ ಎಬ್ಬಿಸುತ್ತಾರೆ. ಏಳನೆಯದರಲ್ಲಿ ವಿಮಾನದಿಂದ ಕಾರುಗಳನ್ನು ಕೆಳಗೆ ಬಿಡುವುದಕ್ಕೆ ನಿಜವಾದ ಕಾರುಗಳನ್ನೇ ಬೀಳಿಸಿ ಶೂಟಿಂಗ್ ಮಾಡಿದರು, ಅದನ್ನೂ ಮೆಚ್ಚಿದೆ. 2021ರ ಒಂಬತ್ತನೆಯದರಲ್ಲಿ ಕಾರು ಬಾಹ್ಯಾಕಾಶಕ್ಕೇ ಹೋಯಿತು. ನಾನು ಅಲ್ಲಿಗೆ ಬಿಟ್ಟೆ. ಮಿಷನ್ ಇಂಪಾಸಿಬಲ್ ಬಿಟ್ಟಿಲ್ಲ. 2011ರದರಲ್ಲಿ ಟಾಮ್ ಕ್ರೂಸ್ ಬುರ್ಜ್ ಖಲೀಫಾ ಗಾಜಿಗೆ ಅಂಟಿಕೊಂಡು ಹತ್ತುವಾಗ ಒಂದು ಕೈಗವಸು ಕೆಡುತ್ತದೆ ನೋಡಿ. ಆ ಕೈಗವಸು ಕೆಡದಿದ್ದರೆ ಆ ದೃಶ್ಯಕ್ಕೆ ಅರ್ಧ ಬೆಲೆಯೂ ಇರುತ್ತಿರಲಿಲ್ಲ.

ಮ್ಯಾಡ್ ಮ್ಯಾಕ್ಸ್ ಫ್ಯೂರಿ ರೋಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2015ರಲ್ಲಿ ಬಂತು. ಮಾಡಿದವರು ಆಸ್ಟ್ರೇಲಿಯಾದ ಜಾರ್ಜ್ ಮಿಲ್ಲರ್, ಮೊದಲು ಡಾಕ್ಟರ್ ಆಗಿದ್ದವರು. ಆಸ್ಟ್ರೇಲಿಯಾದಲ್ಲೇ ಶೂಟಿಂಗ್ ಆಗಬೇಕಿತ್ತು. ಅಲ್ಲಿ ಮಳೆ ಬಂದು ಬರಡು ನೆಲದಲ್ಲಿ ಹೂವು ಅರಳಿದ್ದಕ್ಕೆ ನಮೀಬಿಯಾದ ಮರುಭೂಮಿಗೆ ಹೋದರು. ಜನ ಇದನ್ನು ಚೇಸಿಂಗ್ ಸಿನಿಮಾ ಅಂತಾರೆ. ನಮ್ಮ ಕಡೆಯವರಿಗೆ ಇದು ನೀರಿನ ಸಿನಿಮಾ. ಮೇಲೆ ಬಂಡೆಯ ಮೇಲೆ ಕೂತ ದೊರೆ ನೆಲದಾಳದಿಂದ ಪಂಪ್ ಮಾಡಿ ನೀರು ತೆಗೆಯುತ್ತಾನೆ. ಕೆಳಗೆ ಸಾವಿರಾರು ಜನ ಪಾತ್ರೆ ಹಿಡಿದು ನಿಂತಿದ್ದಾರೆ. ವಾಲ್ವ್ ತೆಗೆಯುತ್ತಾನೆ, ನೀರು ಧೋ ಅಂತ ಬೀಳುತ್ತದೆ, ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಕೊಡ ಅರ್ಧ ತುಂಬುವುದರೊಳಗೆ ಬಂದ್. ನೀರಿಗೆ ಅಂಟಿಕೊಳ್ಳಬೇಡಿ ಅಂತ ಬುದ್ಧಿ ಬೇರೆ ಹೇಳುತ್ತಾನೆ.

ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಊರಿನ ಕುಡಿಯುವ ನೀರಿನ ಬೋರಿನ ಮೋಟರ್ ಸುಟ್ಟಿತು ಅಂದರೆ ನಾಲ್ಕು ಜನ ಟಂಟಂನಲ್ಲಿ ಹಾಕಿಕೊಂಡು ಬರುತ್ತಾರೆ. ಸಂಜೆಗೆ ಬೇಕೇ ಬೇಕು ಅಂತಾರೆ. ಮೋಟರ್ ಕಟ್ಟಿ ಮುಗಿಯುವ ತನಕ ಅಂಗಡಿ ಮುಂದಿನ ಕಟ್ಟೆ ಬಿಟ್ಟು ಏಳುವುದಿಲ್ಲ. ಅವರ ಮುಖದ ಮೇಲೆ ಇರುವುದನ್ನೇ ಆ ಸಿನಿಮಾದ ಜನರ ಮುಖದ ಮೇಲೂ ಕಂಡೆ. ನೀರು ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ಎಲ್ಲಾ ಇದೆ ಅನ್ನುವುದನ್ನು ಭಾಷಣ ಇಲ್ಲದೆ ಒಂದು ವಾಲ್ವ್‌ನಲ್ಲಿ ತೋರಿಸಿದರು. ಕೊನೆಗೆ ಹೆಂಗಸರು ಅದೇ ನೀರು ಬಿಡುತ್ತಾರೆ. ಓಡುವ ಲಾರಿಯ ಎಂಜಿನ್ ರಿಪೇರಿಯೂ ಇದರಲ್ಲಿದೆ. ಬಾಯಲ್ಲಿ ಪೆಟ್ರೋಲ್ ತುಂಬಿಕೊಂಡು ಎಂಜಿನ್ನಿನ ಗಾಳಿ ಬಾಯಿಗೆ ಉಗುಳಿ ವೇಗ ಏರಿಸುತ್ತಾರೆ! ಬಹಳಷ್ಟು ವಾಹನಗಳು ನಿಜವಾಗಿ ಕಟ್ಟಿ ಓಡಿಸಿದವು, ಅದಕ್ಕೇ ಆ ಧೂಳು, ಆ ತೂಕ. ಆರು ಆಸ್ಕರ್ ಬಂತು. ಇನ್ನೂ ಬರಬೇಕಿತ್ತು.

ಟೈಟಾನಿಕ್ ವಿಷಯದಲ್ಲಿ ಮನೆಯಲ್ಲಿ ಎರಡು ಪಕ್ಷ. ಹೆಂಡತಿ, ಮಗಳು ಜ್ಯಾಕ್ ಮತ್ತು ರೋಸ್ ಪಕ್ಷ. ನಾನು ಎಂಜಿನ್ ರೂಮ್ ಪಕ್ಷ. ಮಂಜುಗಡ್ಡೆ ಕಂಡ ಕೂಡಲೇ ಮೇಲಿನಿಂದ ಗಂಟೆ ಹೊಡೆಯುತ್ತದೆ. ಕೆಳಗೆ ಬಾಯ್ಲರ್ ಮುಂದಿನವರು ಓಡುತ್ತಾರೆ. ಮನೆ ಗಾತ್ರದ ಪಿಸ್ಟನ್‌ಗಳು ನಿಂತು, ಉಲ್ಟಾ ತಿರುಗಲು ಶುರು ಮಾಡಬೇಕು. ಅಷ್ಟು ದೊಡ್ಡ ತೂಕ ಒಮ್ಮೆಲೇ ನಿಲ್ಲಲ್ಲ. ಆ ಕೆಲವು ಸೆಕೆಂಡು ನಿರ್ದೇಶಕ ಜೇಮ್ಸ್ ಕ್ಯಾಮರಾನ್ ನಮ್ಮನ್ನು ಕಾಯಿಸುತ್ತಾರೆ. ಆ ಎಂಜಿನ್ ದೃಶ್ಯಗಳನ್ನು ತೆಗೆದದ್ದು ಎರಡನೇ ಮಹಾಯುದ್ಧದ ಕಾಲದ ಎಸ್‌ಎಸ್ ಜೆರೆಮಿಯಾ ಒಬ್ರಿಯನ್ ಅನ್ನೋ ಹಳೇ ಹಡಗಿನಲ್ಲಿ. ಅದರ ಎಂಜಿನ್ ಈಗಲೂ ನಡೆಯುತ್ತದೆ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಟ್ಟಿದ್ದಾರೆ. ನಿಜದ ಟೈಟಾನಿಕ್ 1912ರ ಏಪ್ರಿಲ್ 15ರಂದು ಮುಳುಗಿತು. ಮುಳುಗುವುದಕ್ಕೆ ಸ್ವಲ್ಪ ಮುಂಚಿನ ತನಕ ಅದರ ದೀಪಗಳು ಉರಿಯುತ್ತಿದ್ದವು. ದೀಪ ಉರಿಯಬೇಕಾದರೆ ಕೆಳಗೆ ಯಾರೋ ನಿಂತಿರಬೇಕಲ್ಲ. ಅದರ ಎಂಜಿನಿಯರ್‌ಗಳಲ್ಲಿ ಒಬ್ಬರೂ ಬದುಕಿ ಬರಲಿಲ್ಲ. ಮೇಲೆ ದೋಣಿ ಹತ್ತಿದವರು ಕಣ್ಣು ಕಾಣುವ ಬೆಳಕಿನಲ್ಲಿ ಹತ್ತಿದ್ದು ಇವರಿಂದ. 1997ರ ಆ ಸಿನಿಮಾಗೆ 11 ಆಸ್ಕರ್ ಬಂತು, ಹಾಡು ಇಡೀ ಲೋಕ ಹಾಡಿತು. ನಾನು ಮಾತ್ರ ಪ್ರತೀ ಸಲ ಆ ದೀಪಗಳನ್ನೇ ನೋಡುತ್ತೇನೆ.

ಅಣುಬಾಂಬ್ ಮಾಡಿದ ವಿಜ್ಞಾನಿಯ ಕಥೆ ಓಪನ್‌ಹೈಮರ್ ನನಗೆ ಅರ್ಧ ಹಿಡಿಸಿತು. ಮರುಭೂಮಿಯಲ್ಲಿ ಗೋಪುರ ಕಟ್ಟಿ, ಕೇಬಲ್ ಎಳೆದು, ಗುಡುಗು ಮಳೆಯಲ್ಲಿ ಕಾಯುವ ಭಾಗ ಚೆನ್ನಾಗಿದೆ. ವಿಚಾರಣೆ ಶುರುವಾದ ಮೇಲೆ ಬರೀ ಮಾತು. ಇಂಟರ್‌ಸ್ಟೆಲ್ಲರ್ ಹಾಗಲ್ಲ, ಪೂರ್ತಿ ನನ್ನದು. ಶುರುವಿನಲ್ಲೇ ಜೋಳದ ಹೊಲದ ಮೇಲೆ ಒಂದು ಡ್ರೋನ್ ಹಾರುತ್ತದೆ. ಅದು ಭಾರತೀಯ ವಾಯುಪಡೆಯದು. ನಾಯಕ ಕೂಪರ್ ಅದನ್ನು ಅಟ್ಟಿಸಿಕೊಂಡು ಹೋಗುವುದು ಯಾಕೆ? ಅದರ ಸೋಲಾರ್ ಸೆಲ್ ಬಿಚ್ಚಿಕೊಂಡರೆ ಹೊಲಕ್ಕೆ ಕರೆಂಟ್ ಆಗುತ್ತದೆ ಅಂತ. ಪೈಲಟ್ ಆಗಿದ್ದವನು ರೈತನಾದರೂ ಕೈಯಲ್ಲಿನ ಕೆಲಸ ಮರೆತಿಲ್ಲ. 2025ರ ಫೆಬ್ರವರಿಯಲ್ಲಿ ಇದನ್ನು ಮತ್ತೆ ಥಿಯೇಟರಿಗೆ ಬಿಟ್ಟಾಗ ದೇಶದಲ್ಲೆಲ್ಲ ಜನ ಮುಗಿಬಿದ್ದು ನೋಡಿದರು. ನಾನೂ ನೋಡಿದೆ. ತಿರುಗುವ ನೌಕೆಗೆ ತನ್ನ ನೌಕೆ ಸೇರಿಸುವ ಆ ಭಾಗಕ್ಕೆ ಥಿಯೇಟರಿನಲ್ಲಿ ಒಬ್ಬರೂ ಫೋನ್ ತೆಗೆಯಲಿಲ್ಲ.

ದಿ ಮಾರ್ಷಿಯನ್ ಕೂಡ ಇದೇ ಜಾತಿ. ಮಂಗಳ ಗ್ರಹದಲ್ಲಿ ಒಬ್ಬನೇ ಉಳಿದವನು ಆಲೂಗಡ್ಡೆ ಬೆಳೆಯುತ್ತಾನೆ, ಕಿತ್ತುಹೋದ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ, ಟೇಪು ಹಾಕಿ ಬಿಗಿಯುತ್ತಾನೆ. ಮಂಗಳದ ಗಾಳಿ ಭೂಮಿಯ ಗಾಳಿಯ ನೂರರಲ್ಲಿ ಒಂದು ಪಾಲಿನಷ್ಟು ತೆಳು, ಹಾಗಾಗಿ ಶುರುವಿನಲ್ಲಿ ಇವನನ್ನು ಹೊಡೆದು ಬೀಳಿಸುವ ಅಂಥ ಬಿರುಗಾಳಿ ಅಲ್ಲಿ ಆಗುವ ಮಾತಲ್ಲ. ಇರಲಿ. ಮುಂದಿನ ಎರಡು ಗಂಟೆಯ ದುಡಿಮೆ ನಿಜವಾಗಿದೆ.

ನನ್ನ ಪಟ್ಟಿಯಲ್ಲಿ ತೀರಾ ಈಚಿನ ಸೇರ್ಪಡೆ 2019ರ ಫೋರ್ಡ್ ವರ್ಸಸ್ ಫೆರಾರಿ. ಕೆನ್ ಮೈಲ್ಸ್ ಸಣ್ಣ ಗ್ಯಾರೇಜಿನ ಮೆಕ್ಯಾನಿಕ್, ರೇಸ್ ಡ್ರೈವರ್ ಕೂಡ. ಫೋರ್ಡ್ ಕಂಪನಿಯವರು ಕಾರಿಗೆ ಕಂಪ್ಯೂಟರ್ ಕೂರಿಸಿ ಗಾಳಿಯ ಲೆಕ್ಕ ಹಾಕುತ್ತಾರೆ. ಇವನು ಅದನ್ನು ತೆಗೆಸಿ ಕಾರಿನ ಮೈತುಂಬ ದಾರದ ತುಂಡು ಅಂಟಿಸಿ ಓಡಿಸುತ್ತಾನೆ. ದಾರ ಎತ್ತ ಹಾರುತ್ತದೋ ಗಾಳಿ ಅತ್ತ. ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆ ರೇಸಿನಲ್ಲಿ ಬ್ರೇಕ್ ಕಾದು ಕೆಂಪಾದಾಗ ಇಡೀ ಬ್ರೇಕ್ ಸೆಟ್ಟನ್ನೇ ಬಿಚ್ಚಿ ಹೊಸದು ಹಾಕುತ್ತಾರೆ. ಎದುರಾಳಿಗಳು ತಕರಾರು ತೆಗೆದರೆ, ರೂಲ್ ಪುಸ್ತಕದಲ್ಲಿ ಇದು ಬೇಡ ಅಂತ ಎಲ್ಲಿದೆ ತೋರಿಸಿ ಅಂತಾರೆ. 1966ರಲ್ಲಿ ನಿಜವಾಗಿ ನಡೆದ ರೇಸ್ ಅದು. ಗೆಲ್ಲುವ ಹಾದಿಯಲ್ಲಿದ್ದ ಮೈಲ್ಸ್‌ಗೆ, ಫೋರ್ಡಿನ ಮೂರೂ ಕಾರು ಒಟ್ಟಿಗೆ ಬಂದರೆ ಫೋಟೊ ಚೆನ್ನಾಗಿ ಬರುತ್ತದೆ, ನಿಧಾನ ಮಾಡು ಅಂದರು. ಮಾಡಿದ. ಹಿಂದಿನ ಜಾಗದಿಂದ ಹೊರಟವನು ಹೆಚ್ಚು ದೂರ ಓಡಿದ ಲೆಕ್ಕ ಅಂತ ಗೆಲುವು ಇನ್ನೊಂದು ಕಾರಿಗೆ ಹೋಯಿತು. ಎರಡೇ ತಿಂಗಳಿಗೆ ಹೊಸ ಕಾರು ಟೆಸ್ಟ್ ಮಾಡುವಾಗ ಮೈಲ್ಸ್ ತೀರಿಕೊಂಡ. ಕೈ ಕೆಲಸ ಮಾಡಿದವನಿಗೆ ಸಲ್ಲಬೇಕಾದ್ದು ಕೋಟು ಹಾಕಿದವರ ಮೇಜಿನ ಮೇಲೆ ಹೇಗೆ ಬೇರೆ ಕಡೆ ಹೋಗುತ್ತದೆ ಅನ್ನುವುದು ನನಗೆ ಈಗಲೂ ಉರಿಯುತ್ತದೆ.

ಇಷ್ಟೆಲ್ಲ ಸಿನಿಮಾಗಳಲ್ಲಿ ಒಂದನ್ನೂ ನಾನು ಕನ್ನಡದಲ್ಲಿ ನೋಡಿಲ್ಲ. ಹಳೆಯವೆಲ್ಲ ಹಿಂದಿ ಡಬ್ಬಿಂಗ್, ಹೈದರಾಬಾದಿನಲ್ಲಾದರೆ ಇಂಗ್ಲಿಷ್ ಅಥವಾ ತೆಲುಗು. ಕನ್ನಡಕ್ಕೆ ಡಬ್ಬಿಂಗ್ ಆಗದಂತೆ ತಡೆದಿದ್ದ ಕಾಲ ಮುಗಿದಿದೆ. 2015ರಲ್ಲಿ, ವ್ಯಾಪಾರದ ಪೈಪೋಟಿಗೆ ಅಡ್ಡಿ ಆಗದಂತೆ ನೋಡುವ ಕೇಂದ್ರದ ಕಾಂಪಿಟಿಷನ್ ಕಮಿಷನ್ ಆ ತಡೆ ಸರಿಯಲ್ಲ ಅಂತ ಹೇಳಿತು. ಈಗ 2022ರ ಎರಡನೇ ಅವತಾರ್, 2023ರ ಸ್ಪೈಡರ್ ವರ್ಸ್ ಎಲ್ಲ ಕನ್ನಡದಲ್ಲೂ ಬಂದವು. ತುಂಬಾ ಸಂತೋಷ. ಆದರೆ ಕನ್ನಡ ಸಿಗುವುದು ದೊಡ್ಡ ಹೊಸ ಸಿನಿಮಾಗಳಿಗೆ ಮಾತ್ರ. ಮಾತು ನಿಜವಾಗಿ ಬೇಕಾಗುವುದು ಅಪೊಲೋ 13ಕ್ಕೆ, ಮಾರ್ಷಿಯನ್‌ಗೆ. ಅವುಗಳಲ್ಲಿ ಏನು ಕೆಟ್ಟಿದೆ, ಏನು ಮಾಡುತ್ತಿದ್ದಾರೆ ಅನ್ನುವುದೇ ಕಥೆ. ನಮ್ಮ ಹುಡುಗ ಆಂಪಿಯರ್ ಭಾಗ ಹಿಡಿದುಕೊಂಡ, ಆದರೆ ಅರ್ಧಕ್ಕರ್ಧ ಮಾತು ನಾನೇ ಪಕ್ಕದಲ್ಲಿ ಕೂತು ಹೇಳುತ್ತಿದ್ದೆ.

ಅಪೊಲೋ 13 ಕನ್ನಡದಲ್ಲಿ, ನಮ್ಮ ಊರಿನ ಯಾವುದಾದರೂ ಒಂದು ಪರದೆ ಮೇಲೆ, ಒಂದು ವಾರ ಹಾಕಿದರೂ ಸಾಕು. ನಮ್ಮ ಸಾಲಿನ ವೈಂಡಿಂಗ್ ಅಂಗಡಿಯವರು, ಲೇಥ್‌ನವರು, ಐಟಿಐ ಕಲಿಯುವ ಹುಡುಗರು, ಎಲ್ಲರನ್ನೂ ಕರೆದುಕೊಂಡು ಹೋಗುತ್ತೇನೆ. ಟಿಕೆಟ್ ದುಡ್ಡು ನನ್ನದು. ಹಾಕುವುದಾದರೆ ಜುಲೈನಲ್ಲಿ ಹಾಕಲಿ, ಆಗ ನಮ್ಮೆಲ್ಲರಿಗೂ ಪುರುಸೊತ್ತು ಇರುತ್ತದೆ.